ಚಾ-ಬಿಸ್ಕೀಟಿನ ಮೇಲೆ 90 ನಿಮಿಷ

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಅವರ್ಸಾದ ಹತ್ತಿರ. ಹೈಸ್ಕೂಲಿನಲ್ಲಿ ಖೋ-ಖೋ ಆಡುತ್ತಿದ್ದೆ. ಕಾಲೇಜಿಗೆ ಬಂದ ಮೇಲೆ ಫುಟ್‌ಬಾಲ್ ತಂಡ ಸೇರಿದೆ, ಈಗ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣೆ ನನ್ನದು. ಬೆಳಗ್ಗೆ 4.30ಕ್ಕೆ ಏಳುತ್ತೇನೆ. ಚಾ-ಬಿಸ್ಕೀಟು ತಿಂದು 5.15ರ ಬಸ್ಸು ಹಿಡಿಯುತ್ತೇನೆ. 6ರಿಂದ 7.45ರವರೆಗೆ ಪ್ರಾಕ್ಟೀಸು, ವಾರಕ್ಕೆ ಆರು ದಿನ. ಆಮೇಲೆ ಡಬ್ಬಿ ತೆರೆದರೆ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ, ಹಾಗಾಗಿ 1 ಗಂಟೆಗೇ ಊಟ. ಲ್ಯಾಬ್ ಮುಗಿಸಿ ಮನೆ ಮುಟ್ಟುವಾಗ 6.30. ರೆಕಾರ್ಡ್ ಬರೆದು ಮಲಗುವಾಗ 11. ಕಳೆದ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಹೋಯಿತು. ಎರಡು ತಿಂಗಳಿಂದ ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ನೋಯುತ್ತದೆ. ಸೆಕೆಂಡ್ ಹಾಫಿನಲ್ಲಿ ಉಸಿರೇ ಸಾಲುವುದಿಲ್ಲ. ಆಯಿ ಅಂತೂ "ಸಾಕು ಮಾಡು" ಎನ್ನುತ್ತಾಳೆ. ಯೂನಿವರ್ಸಿಟಿ ಸೆಲೆಕ್ಷನ್ ಹತ್ತಿರ ಬರುತ್ತಿದೆ. ಆಡಲೋ, ಬಿಡಲೋ? ಆಡಿದರೆ ಮುಂದೆ ಏನು ಉಪಯೋಗ? ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲಿಗೆ ಸ್ಕಾಲರ್‌ಶಿಪ್ ಕೊಡುತ್ತಾರೆ ಎಂದು ಗೆಳತಿ ಹೇಳಿದಳು, ಹೌದಾ?

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಕೆಮಿಸ್ಟ್ರಿ, ಮೊಣಕಾಲು, ಆಯಿ ಕಣ್ಣಿಗೆ ಬಿದ್ದರು. ಎರಡನೇ ಸಲ ಓದಿದಾಗ ಚಾ-ಬಿಸ್ಕೀಟು ಕಂಡಿತು. ಅದರ ಬಗ್ಗೆ ನೀನು ಏನೂ ಕೇಳಿಲ್ಲ. ಸುಮ್ನೆ ಬಾಯಿಮಾತಿಗೆ ಬರೆದಿದ್ದೀ. ನಾನು ಮಾತ್ರ ಅಲ್ಲಿಂದಲೇ ಶುರುಮಾಡುತ್ತೇನೆ.

ನಿನ್ನ ದಿನವನ್ನು ಒಂದು ಚೀಟಿಯ ಮೇಲೆ ಬರೆದುಕೊಂಡೆ. 4.30ರಿಂದ ಮಧ್ಯಾಹ್ನ 1ರ ತನಕ ಎಂಟೂವರೆ ಗಂಟೆ. ಅದರಲ್ಲಿ ಒಂದೂಮುಕ್ಕಾಲು ಗಂಟೆ ಓಟ, ಅದೂ ಕಾರವಾರದ ಸೆಕೆಯಲ್ಲಿ. ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಚಾ, ನಾಲ್ಕು ಬಿಸ್ಕೀಟು. ದೋಣಿಯ ಎಂಜಿನ್ನಿಗೆ ಡೀಸೆಲ್ ಹಾಕದೆ ಯಾರಾದರೂ ಕಡಲಿಗೆ ಹೋಗುತ್ತಾರಾ? ನಿಮ್ಮೂರಿನವರಂತೂ ಹೋಗುವುದಿಲ್ಲ.

ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾ ಇಪ್ಪತ್ತು ವರ್ಷ ದಾಟಿತು. ಆಟ ಬಿಟ್ಟವರನ್ನು ನೆನೆಸಿಕೊಂಡರೆ ಎಲ್ಲರೂ ಒಂದೇ ಕಾರಣ ಹೇಳಿದ್ದರು, ಓದಿಗೆ ತೊಂದರೆ ಆಗುತ್ತದೆ ಎಂದು. ಕೂತು ಮಾತಾಡಿಸಿದರೆ ಹೆಚ್ಚಿನವರದು ನಿನ್ನದೇ ಕಥೆ. ನಿದ್ದೆ ಅರೆಬರೆ, ಬೆಳಗ್ಗೆ ತಿಂಡಿ ಇಲ್ಲ, ತಿಂಗಳ ಮುಟ್ಟು ಜಾಸ್ತಿ, ರಕ್ತ ಕಡಿಮೆ. ಇಷ್ಟೆಲ್ಲ ಇಟ್ಟುಕೊಂಡು ಓದಲು ಕೂತರೆ ತೂಕಡಿಕೆ ಬಾರದೆ ಇನ್ನೇನು ಬರುತ್ತದೆ? ಬೈಗುಳ ತಿಂದದ್ದು ಮಾತ್ರ ಫುಟ್‌ಬಾಲ್.

ಹಾಗಾಗಿ ಆಡಲೋ ಬಿಡಲೋ ಎಂಬುದನ್ನು ಈ ತಿಂಗಳು ತೀರ್ಮಾನ ಮಾಡಬೇಡ. ಮೊದಲು ರಕ್ತ ಪರೀಕ್ಷೆ ಮಾಡಿಸು. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ. ಸಾಧ್ಯವಾದರೆ ಫೆರಿಟಿನ್ ಎಂಬ ಪರೀಕ್ಷೆಯನ್ನೂ ಕೇಳು. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಈ ದಾಸ್ತಾನು ಖಾಲಿಯಾಗಿರುತ್ತದೆ. ಆಗಲೇ ಸುಸ್ತು ಶುರುವಾಗಬಹುದು. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅಂದರೆ ಹನ್ನೊಂದು ಹುಡುಗಿಯರ ತಂಡದಲ್ಲಿ ಆರು ಜನ ಹಾಗೆಯೇ ಮೈದಾನಕ್ಕೆ ಇಳಿಯುತ್ತಿರಬಹುದು. ಸೆಕೆಂಡ್ ಹಾಫಿನಲ್ಲಿ ಉಸಿರು ಸಾಲದವಳಿಗೆ "ಸ್ಟ್ಯಾಮಿನಾ ಇಲ್ಲ, ಇನ್ನೆರಡು ರೌಂಡ್ ಹಾಕು" ಎನ್ನುವ ಕೋಚುಗಳಿದ್ದಾರೆ. ನಾನೂ ಹಾಗೆ ಹೇಳಿದ್ದೇನೆ, ಮೊದಲ ಕೆಲವು ವರ್ಷ. ಈಗ ನೆನೆದರೆ ನಾಚಿಕೆಯಾಗುತ್ತದೆ.

ರಿಪೋರ್ಟು ಕಡಿಮೆ ಬಂದರೆ ಮಾತ್ರೆಯನ್ನು ಡಾಕ್ಟರು ಹೇಳಿದ ಹಾಗೆ ತೆಗೆದುಕೋ. ಗೆಳತಿ ತಿಂದಳು ಎಂದು ನೀನೂ ತಿನ್ನಬೇಡ. ಊಟದ ವಿಷಯ ನಾನು ಹೇಳುತ್ತೇನೆ. ಚಾ ಕುಡಿ, ಯಾರು ಬೇಡ ಎಂದರು? ಆದರೆ ಊಟ-ತಿಂಡಿಯ ಜೊತೆಗೆ ಬೇಡ, ಒಂದು ಗಂಟೆ ಆಚೀಚೆ ಇರಲಿ. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಚಾ ತಡೆಯುತ್ತದೆ. ಹುಳಿ ಹಣ್ಣು ಅದಕ್ಕೆ ಉಲ್ಟಾ, ಹತ್ತಿಸುತ್ತದೆ. ಹರಿವೆ ಪಲ್ಯಕ್ಕೆ ಲಿಂಬೆ ಹಿಂಡು, ಮೊಳಕೆ ಕಾಳಿನ ಜೊತೆ ನೆಲ್ಲಿಕಾಯಿ ತಿನ್ನು. ಕರಾವಳಿಯಲ್ಲಿ ಹುಟ್ಟಿದ್ದು ನಿನ್ನ ಪುಣ್ಯ. ಬಂಗಡೆ, ತಾರ್ಲೆ ಇದೆ. ಬೆಳಚು, ಅಂದರೆ ಚಿಪ್ಪುಮೀನು, ಸಿಕ್ಕ ದಿನ ಬಿಡಬೇಡ, ಕಬ್ಬಿಣ ಅದರಲ್ಲಿ ಧಾರಾಳ. ಜೂನ್-ಜುಲೈನಲ್ಲಿ ಬೋಟುಗಳು ದಡದಲ್ಲಿ ನಿಂತಾಗ ಮೀನು ತುಟ್ಟಿ. ಆಗ ಹುರುಳಿ ಸಾರು, ಶೇಂಗಾ, ಮೊಟ್ಟೆ. ಶಿರಸಿ ಕಡೆಯ ಸಸ್ಯಾಹಾರಿ ಹುಡುಗಿಯರು ವರ್ಷವಿಡೀ ಇದೇ ದಾರಿ ಹಿಡಿಯಬೇಕು. ಮೊಟ್ಟೆಯೂ ಇಲ್ಲವೆಂದರೆ ಕಾಳಿನ ಪಾಲು ಜಾಸ್ತಿ ಇರಲಿ.

ಬೆಳಗ್ಗೆ 4.30ಕ್ಕೆ ದೋಸೆ ತಿನ್ನು ಎಂದರೆ ನಿನಗೂ ಆಗದು, ಆಯಿಗೂ ಆಗದು. ಒಂದು ದೊಡ್ಡ ಬಾಳೆಹಣ್ಣು, ಹಿಡಿಯಷ್ಟು ಅವಲಕ್ಕಿ ಬೆಲ್ಲ ಹಾಕಿ. ಅಷ್ಟು ತಿಂದು ಬಸ್ಸು ಹತ್ತು. ಪ್ರಾಕ್ಟೀಸ್ ಮುಗಿದ ಅರ್ಧ-ಮುಕ್ಕಾಲು ಗಂಟೆಯೊಳಗೆ ಸರಿಯಾದ ತಿಂಡಿ ಬೇಕು. ಎರಡು ಡಬ್ಬಿ ಒಯ್ಯಿ. ಒಂದರಲ್ಲಿ ರಾತ್ರಿ ಉಳಿದ ಚಪಾತಿ-ಪಲ್ಯವೋ, ಎರಡು ಬೇಯಿಸಿದ ಮೊಟ್ಟೆಯೋ ಇರಲಿ. ಇನ್ನೊಂದು ಮಧ್ಯಾಹ್ನದ್ದು, ಅದನ್ನು ಮುಟ್ಟಬೇಡ. ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಸ್ಟಡ್ಸ್, ಅಂದರೆ ಅಡಿಯಲ್ಲಿ ಹಲ್ಲಿರುವ ಫುಟ್‌ಬಾಲ್ ಶೂ, ಬಿಚ್ಚಿದ ಮೇಲೆ ಎಲ್ಲರೂ ಗೋಲ್‌ಪೋಸ್ಟಿನ ಹಿಂದೆ ಕೂತು ಡಬ್ಬಿ ತೆರೆಯಲೇಬೇಕು. ಡಬ್ಬಿ ತರದವಳಿಗೆ ಉಳಿದವರು ಒಂದೊಂದು ತುತ್ತು ಕೊಡಬೇಕು. ಮೊದಲ ವಾರ ನಾಚಿಕೆ. ಮೂರನೇ ವಾರ ಯಾರ ಮನೆಯ ಚಟ್ನಿ ಚೆಂದ ಎಂದು ಜಗಳ.

ನೀರಿನ ವಿಷಯ ಬರೆಯದೆ ಮುಂದೆ ಹೋಗಲಾರೆ. ಹುಡುಗಿಯರು ಮೈದಾನದಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಎಂದಲ್ಲ, ಶೌಚಾಲಯ ಇಲ್ಲ ಎಂದು. ಇದ್ದರೂ ಬೀಗ, ಬೀಗ ಇಲ್ಲದಿದ್ದರೆ ಬಾಗಿಲಿಗೆ ಚಿಲಕ ಇಲ್ಲ. ನಾನು ಆಡುತ್ತಿದ್ದಾಗಲೂ ಹೀಗೆಯೇ ಇತ್ತು. ಒಂದು ಟೂರ್ನಮೆಂಟಿನಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 3ರ ತನಕ ಒಂದು ಗುಟುಕು ನೀರು ಕುಡಿಯದೆ ಎರಡು ಪಂದ್ಯ ಆಡಿದ್ದೆ. ರಾತ್ರಿ ಉರಿಮೂತ್ರ, ಚಳಿಜ್ವರ. ಫೈನಲ್ಲಿಗೆ ನಾನಿಲ್ಲ. ನೀವು ಹೀಗೆ ಮಾಡಿ: ಮೈದಾನದ ಪಕ್ಕದಲ್ಲಿ ಪರಿಚಯದ ಒಂದು ಮನೆ ಹುಡುಕಿ. ತಂಡದ ಹಿರಿಯ ಹುಡುಗಿಯರಿಬ್ಬರು ಹೋಗಿ, "ಆಂಟಿ, ಬೆಳಗ್ಗೆ ನಿಮ್ಮ ಬಾತ್‌ರೂಮ್ ಬಳಸಬಹುದಾ" ಎಂದು ಕೇಳಿ. ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಕಾಲೇಜಿಗೆ ಅರ್ಜಿಯನ್ನೂ ಕೊಡಿ, ಆದರೆ ಅದು ಮಂಜೂರಾಗುವ ತನಕ ಕಾಯಬೇಡಿ. ಕುಡಿಯಲು ಬಣ್ಣದ ಬಾಟಲಿಯ ಪಾನೀಯ ಏನೂ ಬೇಡ. 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಪ್ಪೆ ಎನಿಸಿದರೆ ಮುರುಗಲು ಹುಳಿ ಹಿಂಡು. ಮನೆಯಲ್ಲಿ ಗಂಜಿ ಮಾಡುವವರಾದರೆ ಗಂಜಿಯ ತಿಳಿಗೆ ಉಪ್ಪು ಹಾಕಿ ಬಾಟಲಿಗೆ ತುಂಬಿಸಿಕೋ, ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗದು.

ಈಗ ಮೊಣಕಾಲು.

ಮೆಟ್ಟಿಲು ಇಳಿಯುವಾಗ ಮುಂಭಾಗದಲ್ಲಿ ನೋವು, ಬಹಳ ಹೊತ್ತು ಕೂತು ಎದ್ದಾಗ ಬಿಗಿತ, ಹೀಗಿದ್ದರೆ ಹೆಚ್ಚಾಗಿ ಅದು ಮಂಡಿಚಿಪ್ಪಿನ ಸುತ್ತಲಿನ ನೋವು. ಓಡುವ ಹುಡುಗಿಯರಲ್ಲಿ ಮಾಮೂಲು. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡು. ಜಗಲಿಯ ಮೆಟ್ಟಿಲಿನ ಮೇಲೆ ನಿಲ್ಲು. ತಮ್ಮನ ಕೈಗೆ ಮೊಬೈಲ್ ಕೊಟ್ಟು ಎದುರಿಂದ ವಿಡಿಯೋ ತೆಗೆಯಲು ಹೇಳು. ಎಡಗಾಲಿನ ಮೇಲೆಯೇ ಭಾರ ಬಿಟ್ಟು ಬಲಗಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವ ತನಕ ಮೆಲ್ಲಗೆ ಇಳಿ. ಐದು ಸಲ. ಆಮೇಲೆ ವಿಡಿಯೋ ನೋಡು. ನಿನ್ನ ಎಡ ಮೊಣಕಾಲು ಕಾಲ್ಬೆರಳಿನ ನೇರಕ್ಕೆ ಇಳಿಯುತ್ತದೋ, ಒಳಗೆ ವಾಲುತ್ತದೋ? ಸೊಂಟ ಒಂದು ಕಡೆ ಜಾರುತ್ತದೋ? ನೂರಾರು ಹುಡುಗಿಯರಿಗೆ ಈ ಪರೀಕ್ಷೆ ಮಾಡಿಸಿದ್ದೇನೆ. ನೋವು ಎಂದು ಬಂದವರಲ್ಲಿ ಹೆಚ್ಚಿನವರ ಮೊಣಕಾಲು ಒಳಗೆ ವಾಲಿತ್ತು. ನೋವು ಮೊಣಕಾಲಿನಲ್ಲಿ, ಸಡಿಲ ಇರುವುದು ಸೊಂಟದ ಪಕ್ಕದ ಸ್ನಾಯುವಿನಲ್ಲಿ. ಮೊಣಕಾಲಿಗೆ ಎಣ್ಣೆ ತಿಕ್ಕಿದರೆ ಹಿತವಾಗಬಹುದು, ವಾಸಿಯಾಗದು.

ಮಾಡಬೇಕಾದದ್ದು ಸರಳ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು. ಅದೇ ಜಗಲಿ ಮೆಟ್ಟಿಲು ಮೆಲ್ಲಗೆ ಇಳಿಯುವುದು, ಕನ್ನಡಿ ನೋಡುತ್ತಾ. ವಾರಕ್ಕೆ ಮೂರು ದಿನ, 20 ನಿಮಿಷ. ಆರು ವಾರ ಬಿಡದೆ ಮಾಡು. ಅದರ ಜೊತೆಗೆ ಓಟ ಸ್ವಲ್ಪ ಇಳಿಸು.

ಆದರೆ ಇದು ಬೇರೆ ನೋವೂ ಆಗಿರಬಹುದು. ಹೊರಳುವಾಗ ಒಳಗೆ "ಟಕ್" ಎಂದ ಹಾಗೆ ಆದದ್ದು ನೆನಪಿದೆಯಾ? ಆದ ಕೆಲವೇ ಗಂಟೆಯಲ್ಲಿ ಊದಿಕೊಂಡಿತ್ತಾ? ನಡೆಯುವಾಗ ಕಾಲು ಕೈಕೊಟ್ಟ ಹಾಗೆ ಆಗುತ್ತದಾ? ಇದರಲ್ಲಿ ಒಂದಕ್ಕೆ ಹೌದು ಎಂದರೂ ವ್ಯಾಯಾಮ ಬೇಡ, ಆಟ ಬೇಡ, ಮೂಳೆ ಡಾಕ್ಟರ ಹತ್ತಿರ ಹೋಗು. ಎಸಿಎಲ್ ಎನ್ನುವ ಹಗ್ಗದಂತಹ ಒಂದು ಕಟ್ಟು ಮೊಣಕಾಲಿನ ಒಳಗಿದೆ. ಅದು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು-ಮೂರು ಪಟ್ಟು ಜಾಸ್ತಿ. ಹೆಚ್ಚಿನ ಸಲ ಯಾರೂ ಗುದ್ದಿರುವುದಿಲ್ಲ. ತಾನೇ ಹಾರಿ ಇಳಿಯುವಾಗ, ತಾನೇ ಗಕ್ಕನೆ ತಿರುಗುವಾಗ ಹರಿಯುತ್ತದೆ. ಆಪರೇಷನ್ ಆದರೆ ಮತ್ತೆ ಪಂದ್ಯಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು. ಡಿಗ್ರಿಯ ಮೂರು ವರ್ಷದಲ್ಲಿ ಒಂದು ಹೋದ ಹಾಗೆ.

ಇದಕ್ಕೊಂದು ಒಳ್ಳೆಯ ತಡೆ ಇದೆ, ದುಡ್ಡು ಕೊಡಬೇಕಾಗಿಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರು "11 ಪ್ಲಸ್" ಎಂಬ ವಾರ್ಮಪ್ ಮಾಡಿಟ್ಟಿದ್ದಾರೆ. 15 ವ್ಯಾಯಾಮ, 20 ನಿಮಿಷ. ಓಟ, ಸೊಂಟ-ಹೊಟ್ಟೆಯ ಬಲ, ಒಂಟಿ ಕಾಲಿನಲ್ಲಿ ನಿಲ್ಲುವುದು, ಹಾರಿ ಸರಿಯಾಗಿ ಇಳಿಯುವುದು, ಇಷ್ಟೇ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದ್ದವು. 2022ರ ಅಕ್ಟೋಬರಿನಲ್ಲಿ ಹುಡುಗಿಯರ 17ರ ಒಳಗಿನ ವಿಶ್ವಕಪ್ಪಿನ ಸೆಮಿಫೈನಲ್‌ಗಳು ಮಡಗಾಂವಿನ ಫಾತೋರ್ಡಾದಲ್ಲಿ ನಡೆದವು. ಕಾರವಾರದಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. "ಪಂದ್ಯಕ್ಕಿಂತ ಅರ್ಧ ಗಂಟೆ ಮುಂಚೆ ಒಳಗೆ ಇರಬೇಕು, ವಾರ್ಮಪ್ ನೋಡಬೇಕು" ಎಂದು ತಾಕೀತು ಮಾಡಿದ್ದೆ. ಬರುವಾಗ ರೈಲಿನಲ್ಲಿ ಎಲ್ಲರೂ ಮಾತಾಡಿದ್ದು ಕೊಲಂಬಿಯಾ ಪೆನಾಲ್ಟಿಯಲ್ಲಿ ನೈಜೀರಿಯಾವನ್ನು ಸೋಲಿಸಿದ ಬಗ್ಗೆ. ಒಬ್ಬಳು ಮಾತ್ರ, ನಮ್ಮ ಗೋಲ್‌ಕೀಪರ್, "ಮೇಡಂ, ಅವರೂ ನಾವು ಮಾಡುವ ಹಾಗೆಯೇ ಹಾರಿ ಇಳಿಯುವುದನ್ನು ಮಾಡುತ್ತಾರಲ್ಲಾ" ಎಂದಳು. ಅಲ್ಲಿಯ ತನಕ ಅದನ್ನು ನನ್ನ ಹುಚ್ಚು ಎಂದೇ ಅವಳು ತಿಳಿದಿದ್ದಳು.

ಮಣ್ಣಿನ ವಿಷಯವೂ ಇದೆ. ಮಳೆ ಮುಗಿದು ಡಿಸೆಂಬರ್ ಆದರೆ ನಮ್ಮ ಕೆಂಪು ಮಣ್ಣಿನ ಮೈದಾನಗಳು ಚಿರೇಕಲ್ಲಿನಷ್ಟು ಗಟ್ಟಿ. ಉದ್ದ ಹಲ್ಲಿನ ಸ್ಟಡ್ಸ್ ಅಲ್ಲಿ ಅಪಾಯ. ನೆಲಕ್ಕೆ ಇಳಿಯುವುದೂ ಇಲ್ಲ, ಕಾಲು ಸಲೀಸಾಗಿ ತಿರುಗುವುದೂ ಇಲ್ಲ. ಗಿಡ್ಡ ಹಲ್ಲಿನ ಟರ್ಫ್ ಶೂ ಇದ್ದರೆ ಆ ತಿಂಗಳುಗಳಿಗೆ ಅದೇ ಸಾಕು. ಉದ್ದ ಹಲ್ಲಿನದು ಮಳೆಗಾಲದ ಕೆಸರಿಗೆ ಇರಲಿ. ಒದ್ದೆಯಾದ ಶೂ ಒಲೆಯ ಹತ್ತಿರ ಇಡಬೇಡ, ಅಂಟು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡು. ಕಡಲ ದಂಡೆಯಲ್ಲಿ ಓಡುವ ಅಭ್ಯಾಸ ನಿಮಗೆಲ್ಲ ಇರುತ್ತದೆ. ಒಣ ಮರಳಿನಲ್ಲಿ ಓಡಿದರೆ ಮೀನಖಂಡಕ್ಕೆ, ಹಿಮ್ಮಡಿಯ ನರಕ್ಕೆ ಹೊರೆ. ಇಳಿತದ ಹೊತ್ತಿನ ಗಟ್ಟಿ ಹಸಿ ಮರಳು ವಾಸಿ. ಆದರೆ ದಂಡೆ ಕಡಲಿನ ಕಡೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಎಷ್ಟು ದೂರ ಹೋದೆಯೋ ಅಷ್ಟೇ ದೂರ ಅದೇ ಗೆರೆಯಲ್ಲಿ ವಾಪಸ್ ಓಡು. ಮೊಣಕಾಲಿನ ನೋವು ಹೋಗುವ ತನಕ ದಂಡೆಯ ಓಟವೇ ಬೇಡ. ಶಿರಸಿಯವರು ಇದನ್ನು ಓದಿ ನಗಬಹುದು. ಅವರ ತಾಪತ್ರಯ ಬೇರೆ. ಸಮತಟ್ಟು ಜಾಗವೇ ಕಡಿಮೆ, ಮಳೆಗಾಲದಲ್ಲಿ ಸಾಕ್ಸಿನೊಳಗೆ ಉಂಬಳ.

ಮುಟ್ಟಿನ ಬಗ್ಗೆ ನೀನು ಬರೆದಿಲ್ಲ. ಬರೆಯುವುದಿಲ್ಲ ಎಂದೂ ಗೊತ್ತು. ಮುಟ್ಟಿನ ದಿನ ಆಡಬಾರದು ಎಂದೇನಿಲ್ಲ. ಮೈ ಒಪ್ಪಿದರೆ ಆಡು, ಒಪ್ಪದಿದ್ದರೆ ಕೂರು, ಕೋಚಿಗೆ ನೇರ ಹೇಳು. ಕೋಚ್ ಗಂಡಸಾದರೆ ಕ್ಯಾಪ್ಟನ್ ಮೂಲಕ ಹೇಳಿಸು. ತಾರೀಕು ಬರೆದಿಡು. ಮೂರು ತಿಂಗಳು ಮುಟ್ಟು ಬಾರದಿದ್ದರೆ "ಆರಾಮಾಯ್ತು" ಎಂದು ಸುಮ್ಮನಿರಬೇಡ. ತಿಂದದ್ದಕ್ಕಿಂತ ಓಡಿದ್ದು ಜಾಸ್ತಿಯಾದಾಗ ಮೈ ಮೊದಲು ಅದನ್ನೇ ನಿಲ್ಲಿಸುತ್ತದೆ. ಹಾಗೆಯೇ ಮುಂದುವರಿದರೆ ಮೂಳೆ ಸವೆದು ಸೀಳುತ್ತದೆ. ಪ್ಯಾಡ್ ಎರಡು ಗಂಟೆಗೇ ತುಂಬುತ್ತಿದ್ದರೂ ಡಾಕ್ಟರಿಗೆ ತೋರಿಸು, ನಿನ್ನ ಉಸಿರು ಸಾಲದಿರುವುದಕ್ಕೆ ಅದೂ ಕಾರಣ ಇರಬಹುದು. ಇನ್ನೊಂದು ಸಣ್ಣ ವಿಷಯ: ತಂಡದ ಚಡ್ಡಿ ಬಿಳಿಯಾಗಿದ್ದರೆ ಕಪ್ಪೋ ನೀಲಿಯೋ ಕೊಡಿ ಎಂದು ಕೇಳಿ. ಇಂಗ್ಲೆಂಡಿನ ಹೆಂಗಸರ ತಂಡವೇ ಇದೇ ಕಾರಣಕ್ಕೆ 2023ರಲ್ಲಿ ಬಿಳಿ ಬಿಟ್ಟು ನೀಲಿಗೆ ಬಂತು. ಕೇಳಲು ನಾಚಿಕೆ ಏಕೆ?

ಕೆಮಿಸ್ಟ್ರಿಗೆ ಬರೋಣ. 11ಕ್ಕೆ ಮಲಗಿ 4.30ಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. ನಿನ್ನ ವಯಸ್ಸಿಗೆ ಕನಿಷ್ಠ ಏಳು ಬೇಕು. ವಾರದಲ್ಲಿ ಆರು ದಿನ ಹೀಗಾದರೆ ಒಂದು ಪೂರ್ತಿ ರಾತ್ರಿಗಿಂತ ಜಾಸ್ತಿ ಸಾಲ. ಆ ಸಾಲ ಲ್ಯಾಬಿನಲ್ಲಿ ಬ್ಯೂರೆಟ್ ನೋಡುವಾಗ ತೀರುತ್ತಿರುತ್ತದೆ.

ಆರು ದಿನದ ಪ್ರಾಕ್ಟೀಸ್ ನನಗೆ ಒಪ್ಪಿಗೆ ಇಲ್ಲ, ನೇರ ಹೇಳುತ್ತೇನೆ. ನಿನ್ನ ಗೆಳತಿ ಹೇಳಿದ ಅಮೆರಿಕವನ್ನೇ ತೆಗೆದುಕೋ. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯ ನಿಯಮದಂತೆ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕಡ್ಡಾಯ ಅಭ್ಯಾಸ ಇಡುವ ಹಾಗಿಲ್ಲ, ವಾರಕ್ಕೆ ಒಂದು ದಿನ ಪೂರ್ತಿ ರಜೆ. ನಿನ್ನ ಅಭ್ಯಾಸ ಹತ್ತೂವರೆ ಗಂಟೆ ಮಾತ್ರ. ಕಡಿಮೆ ಕಾಣುತ್ತದೆ, ಅಲ್ವಾ? ಆದರೆ ಅಲ್ಲಿಯವರು ಹಾಸ್ಟೆಲ್ಲಿನಿಂದ ಎದ್ದು ಮೈದಾನಕ್ಕೆ ನಡೆದು ಹೋಗುತ್ತಾರೆ, ಅವರಿಗೆ ಅವರ್ಸಾದ ಬಸ್ಸು ಇಲ್ಲ. ನಿನ್ನ ಕೋಚಿನ ಹತ್ತಿರ ಹೋಗಿ ನಾಲ್ಕು ದಿನ ಬರುತ್ತೇನೆ ಎಂದು ಕೇಳು. ಐದನೇ ದಿನ ಮನೆಯಲ್ಲಿಯೇ ಮೊಣಕಾಲಿನ ವ್ಯಾಯಾಮ, ಉಳಿದ ದಿನ ನಿದ್ದೆ. "ನನಗೆ ಕಷ್ಟ" ಎಂದು ಕೇಳಬೇಡ. ಬರೆದ ಟೈಮ್ ಟೇಬಲ್ ಹಿಡಿದುಕೊಂಡು ಹೋಗು. ಡಾಕ್ಟರ ಚೀಟಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕೋಚುಗಳು ಕಾಗದ ಕಂಡರೆ ಬೇಗ ಒಪ್ಪುತ್ತಾರೆ, ನಾನೂ ಹಾಗೆಯೇ.

ಓದಿಗೆ ಎರಡೇ ಮಾತು. ಬಸ್ಸಿನಲ್ಲಿ ಸಂಜೆ ಓದಲು ಹೋಗಬೇಡ, ತೂಗಿಸಿಕೊಂಡು ಮಲಗು. ಬೆಳಗ್ಗೆ 8ರಿಂದ 9.30ರವರೆಗೆ ನಿನ್ನ ಕೈಯಲ್ಲಿ ಒಂದೂವರೆ ಗಂಟೆ ಇದೆ, ಅದು ಈಗ ಎಲ್ಲಿ ಹೋಗುತ್ತಿದೆ? ತಿಂಡಿ ತಿಂದು ಲೈಬ್ರರಿಯಲ್ಲಿ ರೆಕಾರ್ಡ್ ಬರೆ. ರಾತ್ರಿಯದು ಬೆಳಗ್ಗೆಗೆ ಬಂದರೆ 9.30ಕ್ಕೆ ಮಲಗಬಹುದು. ಇನ್ನು ಪಂದ್ಯಕ್ಕೆ ಹೋಗುವ ದಿನಗಳು. ಹೋಗಿ ಬಂದ ಮೇಲೆ ಹಾಜರಾತಿ ಕೇಳುವುದು ಹುಡುಗಿಯರು ಮಾಡುವ ದೊಡ್ಡ ತಪ್ಪು. ಹೋಗುವ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರ ಸಹಿ ಇರುವ ಪತ್ರ ತೆಗೆದುಕೊಂಡು, ಒಂದೊಂದು ಪ್ರತಿ ಪ್ರತಿ ವಿಭಾಗಕ್ಕೂ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೋ. ಇಂಟರ್ನಲ್ ಟೆಸ್ಟು ತಪ್ಪುವುದಾದರೆ ಮತ್ತೆ ಯಾವಾಗ ಎಂದು ಆಗಲೇ ಕೇಳು. ಲ್ಯಾಬಿಗೆ ಇನ್ನೊಂದು ಬ್ಯಾಚಿನ ಜೊತೆ ಕೂರಬಹುದಾ ಎಂದೂ ಕೇಳು. ಕೆಮಿಸ್ಟ್ರಿ ಮೇಷ್ಟ್ರಿಗೆ ಫುಟ್‌ಬಾಲ್ ಇಷ್ಟ ಇಲ್ಲದಿರಬಹುದು, ಆದರೆ ಮೊದಲೇ ಬಂದು ಕೇಳುವ ವಿದ್ಯಾರ್ಥಿನಿ ಇಷ್ಟವಾಗುತ್ತಾಳೆ.

ಮುಂದೆ ಏನು ಉಪಯೋಗ ಎಂದು ಕೇಳಿದ್ದೀ. ಸಿಹಿ ಸುಳ್ಳು ಹೇಳುವುದಿಲ್ಲ. ಕಾಲೇಜಿಗೆ ಬಂದ ಮೇಲೆ ಚೆಂಡು ಮುಟ್ಟಿದವಳಿಗೆ ಭಾರತ ತಂಡ ಬಹಳ ದೂರ. 2025ರ ಜುಲೈನಲ್ಲಿ ಥಾಯ್ಲೆಂಡಿಗೆ ಹೋಗಿ ಅವರ ನೆಲದಲ್ಲೇ 2-1ರಿಂದ ಗೆದ್ದು ಏಷ್ಯಾ ಕಪ್ಪಿಗೆ ಅರ್ಹತೆ ಪಡೆದ ನಮ್ಮ ಹುಡುಗಿಯರು ಚಿಕ್ಕಂದಿನಿಂದ ಆಡಿದವರು. ಆ ಪಂದ್ಯದ ಎರಡೂ ಗೋಲು ಹೊಡೆದ ಸಂಗೀತಾ ಬಾಸ್ಫೋರ್ ಆಟ ಒಮ್ಮೆ ನೋಡು, ಲೆಫ್ಟ್ ಬ್ಯಾಕಿಗೂ ಕಲಿಯಲು ಬೇಕಾದಷ್ಟಿದೆ. ನಿನಗೆ ಕೈಗೆಟುಕುವುದು ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ತಂಡದಲ್ಲಿ ಆಡಿದವಳು ಎಂಬ ಗೌರವ. ಅದು ಸಣ್ಣದಲ್ಲ. ಖೋ-ಖೋ ಆಡಿದವಳಿಗೆ ಗಕ್ಕನೆ ದಿಕ್ಕು ಬದಲಿಸುವುದು ಗೊತ್ತು, ಬ್ಯಾಕ್ ಆಡುವವಳಿಗೆ ಬೇಕಾದದ್ದು ಅದೇ. ನಿನ್ನದು ಎಡಗಾಲಿನ ಒದೆತವಾಗಿದ್ದರಂತೂ ಸೆಲೆಕ್ಟರುಗಳು ತಿರುಗಿ ನೋಡುತ್ತಾರೆ, ಎಡಗಾಲಿನವರು ಅಪರೂಪ. ಯೂನಿವರ್ಸಿಟಿ ಇರುವ ಧಾರವಾಡಕ್ಕೆ ಹೋಗಿ ಬರಲು ದುಡ್ಡಿನ ಚಿಂತೆಯೂ ಕಡಿಮೆ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಬೇಡ. ಅರಬೈಲ್ ಘಟ್ಟದಲ್ಲಿ ವಾಂತಿ ಬರುವವಳಾದರೆ ಮಾತ್ರ ಸೆಲೆಕ್ಷನ್ನಿನ ಹಿಂದಿನ ದಿನವೇ ಹೋಗಿ ಉಳಿ.

ಬ್ಲೂ ಆಗಿ ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟ್ ಆಡಿದರೆ ಕೇಂದ್ರ ಸರ್ಕಾರದ ಕೆಲಸಗಳ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ. ಮೊದಲ ಮೂರು ಸ್ಥಾನದಲ್ಲಿ ತಂಡ ಬಂದಿದ್ದರೆ ಆದ್ಯತೆ. ರೈಲ್ವೆಯಲ್ಲಿ, ಪೊಲೀಸಿನಲ್ಲಿಯೂ ಕ್ರೀಡಾ ಕೋಟಾ ಇದೆ. ಆದರೆ ಇಲ್ಲಿ ಆಟಕ್ಕಿಂತ ಕಾಗದ ಮುಖ್ಯ. ಕೇಂದ್ರದ ಕೋಟಾಕ್ಕೆ ಬೇಕಾದದ್ದು ಫಾರ್ಮ್ 3. ಅದಕ್ಕೆ ಸಹಿ ಹಾಕಬೇಕಾದವರು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು. ಕಾಲೇಜಿನ ಪ್ರಿನ್ಸಿಪಾಲರ ಸಹಿ ನಡೆಯುವುದಿಲ್ಲ. ಇದನ್ನು ನಾನು ಕಲಿತದ್ದು ಅತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ದೊಡ್ಡ ಕಚೇರಿಯ ಟ್ರಯಲ್ಸಿಗೆ ಹೋಗಿದ್ದೆ. ಮೈದಾನದಲ್ಲಿ ಚೆನ್ನಾಗಿಯೇ ಆಡಿದೆ. ಸಂಜೆ ಮೇಜಿನ ಮುಂದೆ ಕೂತವರು ನನ್ನ ಸರ್ಟಿಫಿಕೇಟು ತಿರುಗಿಸಿ ನೋಡಿ, "ಇದು ಕಾಲೇಜಿನದ್ದು, ಯೂನಿವರ್ಸಿಟಿಯದ್ದು ಎಲ್ಲಿ?" ಎಂದರು. ಅದು ಮನೆಯ ಟ್ರಂಕಿನಲ್ಲಿ, ಅಪ್ಪನ ಹಳೆ ಪಹಣಿಗಳ ಜೊತೆ ಇತ್ತು. ಊರಿಗೆ ಬಂದು ತೆರೆದರೆ ಮಳೆಗಾಲದ ಬೂಸ್ಟು ಹಿಡಿದು ಮೊಹರೇ ಕಾಣುತ್ತಿರಲಿಲ್ಲ. ಆಡಿದ ವಾರದಲ್ಲೇ ಸಹಿ ಮಾಡಿಸು, ಮೊಬೈಲಿನಲ್ಲಿ ಫೋಟೋ ತೆಗೆ, ಮೂರು ಜೆರಾಕ್ಸ್ ಮಾಡಿಸು. ಮೂಲ ಪ್ರತಿ ಗಾಳಿಯಾಡುವ ಕಡೆ ಇರಲಿ, ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ.

ಕೆಲಸದ ಇನ್ನೊಂದು ದಾರಿ ಕಲಿಸುವುದು. ದೈಹಿಕ ಶಿಕ್ಷಣದ ಡಿಗ್ರಿ ಬಿಪಿಎಡ್ ಮಾಡಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಕೋರ್ಸು ಕೋಚಿಂಗಿಗೆ ಮೊದಲ ಗಟ್ಟಿ ಮೆಟ್ಟಿಲು. ರೆಫರಿ ಪರೀಕ್ಷೆ ಬರೆದರೆ ಪಂದ್ಯಕ್ಕೆ ಇಷ್ಟು ಎಂದು ಕೈಗೆ ಕಾಸೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಸೀಟಿ ಊದುವ ಹುಡುಗಿಯರು ಬೆರಳೆಣಿಕೆಯಷ್ಟು. ಇನ್ನೂ ಆಡಬೇಕು ಎನಿಸಿದರೆ ಬೆಂಗಳೂರಿನಲ್ಲಿ ರಾಜ್ಯದ ಹೆಂಗಸರ ಲೀಗ್ ನಡೆಯುತ್ತದೆ. ಅಲ್ಲಿಯ ಕಿಕ್‌ಸ್ಟಾರ್ಟ್ ತಂಡ ರಾಷ್ಟ್ರೀಯ ಲೀಗಿನ ಫೈನಲ್ ತನಕ ಹೋದದ್ದಿದೆ.

ಅಮೆರಿಕದ ಸ್ಕಾಲರ್‌ಶಿಪ್ ನಿಜ. ಎನ್‌ಸಿಎಎಯ ಮೂರು ದರ್ಜೆಗಳಲ್ಲಿ ಡಿವಿಷನ್ 1 ಮತ್ತು 2ರ ಕಾಲೇಜುಗಳು ಆಟಕ್ಕೆ ಕೊಡುತ್ತವೆ, ಡಿವಿಷನ್ 3 ಆಟಕ್ಕಾಗಿ ಕೊಡುವುದಿಲ್ಲ. ಆದರೆ ಹೆಚ್ಚಿನವರಿಗೆ ಸಿಗುವುದು ಖರ್ಚಿನ ಒಂದು ಪಾಲು ಮಾತ್ರ. ಡಿವಿಷನ್ 1ರಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕದಂತೆ, ಯಾವುದೇ ದೇಶದ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನದಿಂದ, ಆಡಲು ಅವಕಾಶವಿರುವ ಐದು ವರ್ಷದ ಗಡಿಯಾರ ಓಡಲು ಶುರು. ಅಂದರೆ ಕಾರವಾರದಲ್ಲಿ ಅಡ್ಮಿಷನ್ ಆದ ದಿನವೇ ನಿನ್ನದು ಶುರುವಾಗಿದೆ. ಈ ದಾರಿ ಪಿಯುಸಿಯಲ್ಲಿ ಇರುವಾಗಲೇ ಯೋಚಿಸಬೇಕಾದದ್ದು. ಮುಂಗಡ ದುಡ್ಡು ಕೊಡಿ, ಸೀಟು ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡು.

ಕೊನೆಗೆ ಆಯಿ. ಅವಳು "ಸಾಕು ಮಾಡು" ಎನ್ನುವುದು ಫುಟ್‌ಬಾಲಿಗೆ ಎಂದು ನೀನು ತಿಳಿದಿದ್ದೀ. ನನಗೆ ಹಾಗೆ ಅನಿಸುವುದಿಲ್ಲ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವಾಗ 7 ಗಂಟೆ. ನೀನು 5.15ಕ್ಕೆ ಹೆದ್ದಾರಿಯ ಪಕ್ಕ ಕತ್ತಲಲ್ಲಿ ಒಬ್ಬಳೇ ನಿಂತಿರುತ್ತೀ, ಎದುರಿಗೆ ಟ್ಯಾಂಕರುಗಳು ಹಾದು ಹೋಗುತ್ತವೆ. ಬಸ್ಸು ಹತ್ತಿದೆಯೋ ಇಲ್ಲವೋ ಎಂದು ಅವಳು ಒಲೆಯ ಮುಂದೆ ಕೂತು ಯೋಚಿಸುತ್ತಾಳೆ. ಚಳಿಗಾಲದಲ್ಲಿ ಪ್ರಾಕ್ಟೀಸನ್ನು 6.45ಕ್ಕೆ ಮಾಡಲು ಆಗುತ್ತದಾ ಎಂದು ಕೋಚಿಗೆ ಕೇಳು. ಒಂದು ಗಂಟೆ ಸಾಕು. ಅದೇ ಬಸ್ಸಿಗೆ ಬರುವ ಇನ್ನೊಬ್ಬರು ಸಿಕ್ಕರೆ ಅವರ ಹೆಸರು, ನಂಬರು ಆಯಿಗೆ ಕೊಡು. ಬಸ್ಸು ಹತ್ತಿದ ಕೂಡಲೇ ಒಂದು ಮಿಸ್ಡ್ ಕಾಲ್. ಆಮೇಲೆ ಅವಳು ಏನು ಹೇಳುತ್ತಾಳೆ ನೋಡು.

ರಕ್ತದ ರಿಪೋರ್ಟು ಬಂದ ಮೇಲೆ ಎರಡೂ ನಂಬರ್ ಬರೆದು ಕಳಿಸು. ಜಗಲಿ ಮೆಟ್ಟಿಲಿನ ವಿಡಿಯೋ ನೋಡಿ ಮೊಣಕಾಲು ಯಾವ ಕಡೆ ವಾಲಿತು ಎಂದೂ ಬರೆ. ಊದಿತ್ತೋ ಇಲ್ಲವೋ, ಅದನ್ನಂತೂ ಮರೆಯಬೇಡ. ನೀನು ಒದೆಯುವುದು ಯಾವ ಕಾಲಿನಲ್ಲಿ ಎಂಬುದನ್ನೂ ಬರೆದಿಲ್ಲ.